ಜಾರ್ಜ್ ಮುಲ್ಲರರು ದೇವರ ಚಿತ್ತವನ್ನು ವಿಚಾರಿಸಿದ ಬಗೆ

ಜಾರ್ಜ್ ಮುಲ್ಲರರು 1805ನೆಯ ಇಸವಿ ಸಪ್ಟೆಂಬರ್ 27ರಂದು ಪ್ರಶ್ಯ ರಾಜ್ಯದ ಕ್ರೊಪ್ಪನ್‌ಸ್ಟೆಟ್ ಎಂಬ ಊರಿನಲ್ಲಿ ಹುಟ್ಟಿದರು. ಅವರ ತಂದೆಯು ಸರಕಾರದ ತೆರಿಗೆ ವಸೂಲಿಯ ಕೆಲಸದಲ್ಲಿದ್ದನು. ಹುಡುಗನು ಹತ್ತು ವರುಷ ತುಂಬುವುದಕ್ಕೆ ಮುಂಚೆಯೇ ಆ ಸರಕಾರದ ಹಣದಲ್ಲಿ ಕದಿಯುವುದನ್ನು ಕಲಿತನು; ಹದಿನಾರನೆಯ ವರುಷದಲ್ಲಿ ವಸತಿಗೃಹದ ಬಾಕಿಯನ್ನು ತೀರಿಸಲಾರದೆ ಸೆರೆಮನೆಯನ್ನು ಕಂಡನು. ಬೋಧಕನಾಗುವುದಕ್ಕಾಗಿ ಹಾಲೆ ಪಟ್ಟಣದ ವಿದ್ಯಾಪೀಠವನ್ನು ಸೇರಿದಾಗಲೂ ಅವನಲ್ಲಿ ದೇವಭಯವಿರಲಿಲ್ಲ. ಆದರೆ 1825ರ ನವೆಂಬರ್ ತಿಂಗಳ ಒಂದು ಶನಿವಾರ ಸಂಜೆ, ಸ್ನೇಹಿತನೊಬ್ಬನ ಸಂಗಡ ಒಂದು ಮನೆಯ ಪ್ರಾರ್ಥನಾಕೂಟಕ್ಕೆ ಹೋದಾಗ, ಒಬ್ಬನು ಮೊಣಕಾಲೂರಿ ಪ್ರಾರ್ಥಿಸುವುದನ್ನು ಅವರು ಮೊದಲ ಬಾರಿ ಕಂಡರು. ಆ ರಾತ್ರಿಯಿಂದ ಅವರ ಜೀವನದ ದಾರಿ ತಿರುಗಿತು.

ಹೊಸ ವಿಶ್ವಾಸಿಯಾದ ಮುಲ್ಲರರು ಮಿಶನರಿಯಾಗಿ ಪರದೇಶಕ್ಕೆ ಹೋಗಬೇಕೆಂದು ಬಯಸಿದರು. ಇದು ದೇವರ ಚಿತ್ತವೋ ಅಲ್ಲವೋ ಎಂಬುದನ್ನು ತಿಳಿಯಲು ಅವರು ತಾಳ್ಮೆಯಿಂದ ಕಾಯಲಿಲ್ಲ. ಚೀಟಿ ಹಾಕಿ ನೋಡಿದರು. ಅಷ್ಟೇ ಅಲ್ಲದೆ ಸರಕಾರದ ಲಾಟರಿಯ ಒಂದು ಟಿಕೇಟನ್ನು ಕೊಂಡು, ಅದರಲ್ಲಿ ಲಾಭ ಬಂದರೆ ಹೋಗತಕ್ಕದ್ದೆಂದೂ ಬಾರದಿದ್ದರೆ ನಿಲ್ಲತಕ್ಕದ್ದೆಂದೂ ನಿಶ್ಚಯಿಸಿಕೊಂಡರು. ಸ್ವಲ್ಪ ಹಣವು ಬಂದೇ ಬಂತು. ಕೂಡಲೆ ಬರ್ಲಿನಿನ ಮಿಶನ್ ಸಂಘಕ್ಕೆ ಬರೆದುಕೊಂಡರು. ತಂದೆಯ ಒಪ್ಪಿಗೆ ಇಲ್ಲದ ಕಾರಣ ಸಂಘದವರು ಸೇರಿಸಿಕೊಳ್ಳಲಿಲ್ಲ. ಚೀಟಿಯು ಹೋಗು ಎಂದಿತು, ಬಾಗಿಲು ಮುಚ್ಚಿತು. ಆ ಬಗೆಯಲ್ಲಿ ದೇವರ ಚಿತ್ತವನ್ನು ಹುಡುಕಿದ್ದು ತಪ್ಪೆಂದು ಅವರು ಮುಂದೆ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ತರುವಾಯ ಬುಖಾರೆಸ್ಟ್ ಪಟ್ಟಣಕ್ಕೆ ಹೋಗುವ ಅವಕಾಶ ತೋರಿತು. ಈ ಸಾರಿ ತಂದೆಯೂ ಒಪ್ಪಿದನು. ಆದರೆ 1828ರಲ್ಲಿ ರಷ್ಯದವರಿಗೂ ತುರ್ಕಿಯವರಿಗೂ ಯುದ್ಧ ಹುಟ್ಟಿ ಆ ಪ್ರಯಾಣವೂ ನಿಂತುಹೋಯಿತು. 1829ರಲ್ಲಿ ಮುಲ್ಲರರು ಲಂಡನಿಗೆ ಬಂದರು. 1832ರಲ್ಲಿ ಬ್ರಿಸ್ಟಲ್ ಪಟ್ಟಣವನ್ನು ಸೇರಿ, ಮರಣದ ತನಕ ಅದನ್ನೇ ತಮ್ಮ ಊರಾಗಿ ಮಾಡಿಕೊಂಡರು. ನಿಗದಿಯಾದ ಸಂಬಳವನ್ನು 1830ರಲ್ಲಿಯೇ ಬಿಟ್ಟುಬಿಟ್ಟಿದ್ದರು.

ಬ್ರಿಸ್ಟಲಿನಲ್ಲಿ ಅನಾಥ ಮಕ್ಕಳಿಗೊಂದು ಮನೆಯನ್ನು ತೆರೆಯಲು ಮನಸ್ಸಾದಾಗ, ಮನೆಗಾಗಿ, ಹಣಕ್ಕಾಗಿ, ಕೆಲಸದವರಿಗಾಗಿ, ಪಾತ್ರೆ ಬಟ್ಟೆಗಳಿಗಾಗಿ ದೇವರನ್ನು ಬೇಡಿದರು, ಎಲ್ಲವೂ ದೊರೆಯಿತು. ಮಕ್ಕಳನ್ನು ಬರೆಸಿಕೊಳ್ಳುವುದಕ್ಕೆ 1836ರ ಫೆಬ್ರವರಿ 3 ಎಂಬ ದಿನವನ್ನು ಗೊತ್ತುಮಾಡಿ ಕುಳಿತರೆ ಒಬ್ಬರೂ ಬರಲಿಲ್ಲ. ಮಕ್ಕಳು ತಾವಾಗಿಯೇ ಬರುವರೆಂದು ನೆನಸಿ, ಮಕ್ಕಳಿಗಾಗಿ ಮಾತ್ರ ತಾವು ಪ್ರಾರ್ಥಿಸಿರಲಿಲ್ಲವೆಂಬುದು ಆಗ ಅವರಿಗೆ ತಿಳಿಯಿತು. ಆ ಸಂಜೆ ಮೊಣಕಾಲೂರಿ ಈ ಕಾರ್ಯವನ್ನೆಲ್ಲ ಪುನಃ ದೇವರ ಮುಂದೆ ಇಟ್ಟು, ಇದು ನಿಲ್ಲುವುದರಿಂದ ದೇವರಿಗೆ ಹೆಚ್ಚು ಮಹಿಮೆಯಾಗುವುದಾದರೆ ನಿಲ್ಲಲಿ ಎಂಬಷ್ಟಕ್ಕೂ ಮನಸ್ಸನ್ನು ತಗ್ಗಿಸಿದರು. ಮಾರನೆಯ ದಿನವೇ ಮೊದಲ ಅರ್ಜಿ ಬಂತು.

ಮುಲ್ಲರರ ರೀತಿಯು 1845ರಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಂತು. ಅನಾಥ ಮಕ್ಕಳು ವಿಲ್ಸನ್ ಬೀದಿಯ ಬಾಡಿಗೆ ಮನೆಗಳಲ್ಲಿದ್ದರು. ಅಕ್ಟೋಬರ್ ಕೊನೆಯಲ್ಲಿ ನೆರೆಯವನೊಬ್ಬನು, ಈ ಮನೆಗಳಿಂದ ಅಕ್ಕಪಕ್ಕದವರಿಗೆ ತೊಂದರೆಯಾಗುತ್ತದೆಂದು ವಿನಯವಾಗಿ ಕಾಗದ ಬರೆದನು. ಮುಲ್ಲರರು ಸಿಟ್ಟಾಗಲಿಲ್ಲ. ದೂರಿನಲ್ಲಿ ನ್ಯಾಯವುಂಟೆಂದು ಒಪ್ಪಿ, ಆ ಸ್ಥಳವನ್ನು ಬಿಡುವುದಕ್ಕಿರುವ ಕಾರಣಗಳನ್ನೂ ಬಿಡದಿರುವುದಕ್ಕಿರುವ ಕಾರಣಗಳನ್ನೂ ಬರೆದು ತೂಗಿ ನೋಡಿದರು. ಆಟದ ಸ್ಥಳ ಸಾಲದು, ಚರಂಡಿ ಸರಿಯಿಲ್ಲ, ಕೆಲವು ಸಲ ನೀರಿಗೆ ಕೊರತೆ, ಎಂಬವು ಒಂದು ಕಡೆ. ಇದುವರೆಗೆ ದೇವರು ಇಲ್ಲಿಯೇ ನಡಿಸಿದನು, ಕಟ್ಟುವುದಕ್ಕೆ ಬಹಳ ಹಣ ಬೇಕು, ಎಂಬವು ಇನ್ನೊಂದು ಕಡೆ. ಸಭೆಯಲ್ಲಿ ತಮ್ಮೊಡನೆ ಸೇವೆಮಾಡುವ ಸಹೋದರರ ಆಲೋಚನೆಯನ್ನೂ ಕೇಳಿದರು. ಮನಸ್ಸು ನೆಲೆಗೊಂಡ ಮೇಲೆ ಹೆಂಡತಿಯೊಡನೆ ದಿನದಿನವೂ ಪ್ರಾರ್ಥಿಸಿದರು. ಐದು ವಾರಗಳಾದ ಮೇಲೆ ಡಿಸೆಂಬರ್ 10ರಂದು 1000 ಪೌಂಡಿನ ಕಾಣಿಕೆ ಬಂತು.

ಆಶ್ಲಿ ಡೌನ್ ಎಂಬಲ್ಲಿ ಭೂಮಿ ಮಾರಾಟಕ್ಕಿದೆಯೆಂದು ಕೇಳಿದ ಮುಲ್ಲರರು 1846ರ ಫೆಬ್ರವರಿ 4ರಂದು ಒಡೆಯನ ಮನೆಗೆ ಹೋದರು; ಅವನಿರಲಿಲ್ಲ. ಕೆಲಸದ ಸ್ಥಳಕ್ಕೆ ಹೋದರು, ಅಲ್ಲಿಂದಲೂ ಹೊರಟುಹೋಗಿದ್ದನು. ಮತ್ತೆ ಬೆನ್ನಟ್ಟದೆ, ಇದರಲ್ಲಿ ದೇವರ ಕೈ ಇರಬಹುದೆಂದು ತಡೆದರು. ಮರುದಿನ ಬೆಳಿಗ್ಗೆ ಕಂಡಾಗ ಒಡೆಯನು ಹೇಳಿದ್ದೇನಂದರೆ, ರಾತ್ರಿ ಮೂರು ಗಂಟೆಯಿಂದ ಐದರ ವರೆಗೆ ತನಗೆ ನಿದ್ರೆ ಬಾರದೆ ಈ ಭೂಮಿಯ ಯೋಚನೆಯೇ ಇತ್ತೆಂದೂ, ಎಕರೆಗೆ 200 ಪೌಂಡಿನ ಬದಲಾಗಿ 120ಕ್ಕೆ ಕೊಡಲು ನಿಶ್ಚಯಿಸಿದೆನೆಂದೂ. ಹಿಂದಿನ ದಿನ ಅವಸರಪಟ್ಟಿದ್ದರೆ ಕ್ರಯವು ಹೆಚ್ಚಾಗುತ್ತಿತ್ತು. ಸುಮಾರು ಏಳು ಎಕರೆ ಭೂಮಿ ದೊರೆಯಿತು. 1849ರಲ್ಲಿ 300 ಮಕ್ಕಳಿಗಾಗಿ ಮೊದಲ ಮನೆಯು ತೆರೆಯಿತು. 1870ರೊಳಗೆ ಐದು ಮನೆಗಳಾಗಿ 2000ಕ್ಕಿಂತ ಹೆಚ್ಚು ಮಕ್ಕಳಿಗೆ ಸ್ಥಳವಾಯಿತು. 1898ರ ಮಾರ್ಚ್ 10ರಂದು, ತೊಂಬತ್ತೆರಡು ವರುಷದ ಪ್ರಾಯದಲ್ಲಿ, ಮುಲ್ಲರರು ಕರ್ತನಲ್ಲಿ ನಿದ್ರೆಹೋದರು.

ಇವರು ನಡೆದ ದಾರಿಯು ಯಾರಿಗೂ ಗುಟ್ಟಲ್ಲ. ಮೊದಲು ಆ ವಿಷಯದಲ್ಲಿ ತನ್ನ ಸ್ವಂತ ಇಚ್ಛೆಯನ್ನು ಬಿಡುವುದು. ಹತ್ತರಲ್ಲಿ ಒಂಬತ್ತು ಪಾಲು ಕಷ್ಟವು ಇಲ್ಲಿಯೇ ಎಂದು ಅವರು ಕಂಡುಕೊಂಡರು. ಬಳಿಕ ಮನಸ್ಸಿನ ಉದ್ವೇಗವನ್ನು ನಂಬದೆ ದೇವರ ವಾಕ್ಯವನ್ನು ಓದಿ, ಆತ್ಮನ ನಡಿಸುವಿಕೆಯನ್ನು ವಾಕ್ಯದ ಸಂಗಡಲೇ ಹುಡುಕುವುದು, ಒದಗಿಬಂದ ಸಂಗತಿಗಳನ್ನು ಗಮನಿಸುವುದು, ಪ್ರಾರ್ಥಿಸುವುದು. ಕೊನೆಗೆ ಒಂದು ತೀರ್ಮಾನಕ್ಕೆ ಬಂದು, ಇನ್ನೂ ಎರಡು ಮೂರು ಸಾರಿ ಬೇಡಿಕೊಂಡ ಮೇಲೂ ಸಮಾಧಾನವು ನಿಂತರೆ, ಅದರಂತೆ ನಡೆಯುವುದು.

ಪ್ರಿಯ ವಾಚಕರೇ, ಮಗಳಿಗೆ ಬಂದ ಸಂಬಂಧ, ಹೊಲದ ಕ್ರಯ, ಸಾಲದ ಮಾತು, ಮಗನನ್ನು ಪರಸ್ಥಳಕ್ಕೆ ಕಳುಹಿಸುವ ವಿಚಾರ, ಇವು ನಮ್ಮ ಮುಂದೆ ಬಂದಾಗ ಶಕುನವನ್ನೂ ಗಳಿಗೆಯನ್ನೂ ಬಿಟ್ಟ ನಾವು, ಚೀಟಿ ಎತ್ತುವುದರಲ್ಲಾಗಲಿ, ಸತ್ಯವೇದವನ್ನು ಥಟ್ಟನೆ ತೆರೆದು ಬೆರಳಿಟ್ಟ ವಚನದಲ್ಲಾಗಲಿ ಅದೇ ಶಕುನವನ್ನು ಹೊಸ ಬಟ್ಟೆಯಲ್ಲಿ ಮನೆಗೆ ಕರೆಯುವುದುಂಟು. ಮುಲ್ಲರರು ಅದನ್ನು ಮಾಡಿ ನೋಡಿ ಬಿಟ್ಟರು. ತಂದೆಯ ಮನಸ್ಸನ್ನು ಅರಿಯಲು ಮಗನು ಕವಡೆ ಎಸೆಯುವುದಿಲ್ಲ; ತಂದೆಯ ಬಳಿಯಲ್ಲಿ ಕುಳಿತು ಕೇಳುತ್ತಾನೆ. ತನ್ನ ಹಟವನ್ನು ಬಿಟ್ಟು ಕೇಳುವವನಿಗೆ ಕರ್ತನು ದಾರಿಯನ್ನು ಮರೆಮಾಡುವವನಲ್ಲ.