ಲೆಕ್ಕಪತ್ರ ಇಲಾಖೆಯ ರಾಮನ್ ಮತ್ತು ನೀರಿನ ನೀಲಿ

ಹೊಸಪೇಟೆಗೆ ಅಂಟಿಕೊಂಡಿರುವ ಚಿತ್ತವಾಡ್ಗಿ ನನ್ನ ಹುಟ್ಟೂರು. ಕಬ್ಬಿನ ಗದ್ದೆ, ಕಾಲುವೆ, ಆಲೆಮನೆಯ ಹೊಗೆ ಇವುಗಳ ನಡುವೆ ಬೆಳೆದ ನನಗೆ ತುಂಗಭದ್ರಾ ಜಲಾಶಯ ಒಂದು ಒಗಟಾಗಿತ್ತು. ಮಳೆಗಾಲ ಕಳೆದು ಕೆಂಪು ಇಳಿದ ಮೇಲೆ ಅಷ್ಟು ದೂರ ನೀಲಿಯಾಗಿ ಹರಡಿದ ನೀರು ಬಿಂದಿಗೆಗೆ ಬಂದೊಡನೆ ಬಣ್ಣ ಕಳೆದುಕೊಳ್ಳುತ್ತಿತ್ತು. ಅದು ಆಕಾಶದ ಬಿಂಬವೆಂದು ಮೇಷ್ಟ್ರು ಹೇಳಿದರು, ನಾನು ನಂಬಿದೆ. ಆ ಉತ್ತರವನ್ನು ನಂಬದವರೊಬ್ಬರು ನಾನು ಹುಟ್ಟುವ ಮೊದಲೇ ಇದ್ದರೆಂಬುದು ತಿಳಿದದ್ದು ಬಹಳ ತಡವಾಗಿ.

ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಸರ್ಕಾರಿ ಸೇವೆಗೆ ಸೇರಿದ ನನಗೆ ಚಂದ್ರಶೇಖರ ವೆಂಕಟರಾಮನ್ ಅವರ ಬದುಕಿನಲ್ಲಿ ನೊಬೆಲ್ ಪ್ರಶಸ್ತಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅವರು ಅಧಿಕಾರಿಯಾಗಿ ಕಳೆದ ಹತ್ತು ವರ್ಷಗಳು. 1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಜನಿಸಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1907ರಲ್ಲಿ, 18ರ ಹರೆಯದಲ್ಲೇ, ಹಣಕಾಸು ಸೇವೆಗೆ ಆಯ್ಕೆಯಾಗಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಬೌಬಜಾರ್ ರಸ್ತೆಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಕಟ್ಟಿದ್ದ ವಿಜ್ಞಾನ ಸಂಘದ ಪ್ರಯೋಗಾಲಯ ಬಹುತೇಕ ಪಾಳುಬಿದ್ದಂತಿತ್ತು. ರಾಮನ್ ಕಚೇರಿಗೆ ಹೋಗುವ ಮುನ್ನ ಅಲ್ಲಿಗೆ ಹೋಗುತ್ತಿದ್ದರು, ಕಚೇರಿ ಬಿಟ್ಟ ಮೇಲೆ ಮತ್ತೆ ಅಲ್ಲಿಗೇ. ರಂಗೂನ್, ನಾಗಪುರಗಳಿಗೆ ವರ್ಗವಾದಾಗಲೂ ಕೆಲಸ ನಿಲ್ಲಲಿಲ್ಲ. ವರ್ಗಾವಣೆಯ ಆದೇಶ ಬಂದರೆ ತಿಂಗಳುಗಟ್ಟಲೆ ಪುಸ್ತಕ ಮುಟ್ಟದಿದ್ದ ನನ್ನಂಥವನಿಗೆ ಇದನ್ನು ಓದುವಾಗ ಸಂಕೋಚವಾಗುತ್ತದೆ. 1917ರಲ್ಲಿ ಅವರು ಸುಭದ್ರ ಹುದ್ದೆ ತೊರೆದು, ತೀರ ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು.

1921ರಲ್ಲಿ ಇಂಗ್ಲೆಂಡಿಗೆ ಹೋಗಿಬಂದ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಕಾಡಿತು. ಆಕಾಶದ ಪ್ರತಿಫಲನವನ್ನು ತಡೆಯುವ ಒಂದು ಪುಟ್ಟ ಪಟ್ಟಕದ ಮೂಲಕ ನೋಡಿದರು, ನೀಲಿ ಅಳಿಯಲಿಲ್ಲ. ಅಂದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ! ಆ ಜಾಡು ಹಿಡಿದು ಏಳು ವರ್ಷ ದುಡಿದ ಮೇಲೆ, 1928ರ ಫೆಬ್ರವರಿ 28ರಂದು, ಶಿಷ್ಯ ಕೆ.ಎಸ್. ಕೃಷ್ಣನ್ ಅವರ ಜೊತೆಗಿನ ಪ್ರಯೋಗಗಳ ಫಲವಾಗಿ ರಾಮನ್ ಪರಿಣಾಮ ಖಚಿತವಾಯಿತು. ಮಾರ್ಚ್ 16ರಂದು ಅದನ್ನು ಅವರು ವಿವರವಾಗಿ ಮಂಡಿಸಿದ್ದು ನಮ್ಮ ಬೆಂಗಳೂರಿನಲ್ಲಿ. 1930ರಲ್ಲಿ ನೊಬೆಲ್ ಬಂತು.

ಚದುರಿದ ಬೆಳಕಿನ ಅತ್ಯಲ್ಪ ಪಾಲು ಅಣುವಿನ ಕಂಪನಕ್ಕೆ ತಕ್ಕಂತೆ ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ರೋಹಿತದಲ್ಲಿ ಅದು ಹೊಸ ಗೆರೆಯಾಗಿ ಕಾಣುತ್ತದೆ. ಆ ಗೆರೆಗಳು ಅಣುವಿನ ಒಳಗಿನ ಸುದ್ದಿಯನ್ನಷ್ಟೇ ಅಲ್ಲ, ನೆರೆಹೊರೆಯ ಸುದ್ದಿಯನ್ನೂ ತರುತ್ತವೆ. ಹಬೆಯಲ್ಲಿ ಒಂಟಿಯಾಗಿರುವ ನೀರಿನ ಅಣು ಚೂಪಾದ ಗೆರೆ ಕೊಟ್ಟರೆ, ದ್ರವರೂಪದಲ್ಲಿ ಅದೇ ಗೆರೆ ಸ್ಥಾನ ಸರಿಸಿ ಅಗಲವಾದ ಪಟ್ಟಿಯಾಗುತ್ತದೆ. ಕಾರಣ, ಅಕ್ಕಪಕ್ಕದ ಅಣುಗಳು ಒಂದನ್ನೊಂದು ಮೆಲ್ಲಗೆ ಸೆಳೆಯುವ ಜಲಜನಕ ಬಂಧ. ಅಣುವಿನ ಒಳಗಿನ ಬಂಧದ ಸುಮಾರು 20ರಲ್ಲಿ ಒಂದು ಪಾಲು ಮಾತ್ರ ಇದರ ಬಲ. ಆದರೆ ಇದಿಲ್ಲದಿದ್ದರೆ ನೀರು ನಮ್ಮೂರಿನ ಸೆಖೆಯಲ್ಲಿ ಹಾಗಿರಲಿ, ಚಳಿಗಾಲದಲ್ಲೂ ಆವಿಯಾಗಿಯೇ ಇರುತ್ತಿತ್ತು. ಇಂಥ ದುರ್ಬಲ ಸೆಳೆತಗಳನ್ನು ಅಳೆಯಲು ರಾಮನ್ ರೋಹಿತ ಇಂದಿಗೂ ಮುಖ್ಯ ಸಾಧನ. ನೀಲಿಯ ಶ್ರೇಯವನ್ನು ರಾಮನ್ ಮುಖ್ಯವಾಗಿ ಚದುರಿಕೆಗೆ ಕೊಟ್ಟಿದ್ದರು. ನೀರು ತನ್ನ ಅಣುಕಂಪನಗಳಿಂದಾಗಿ ಕೆಂಪು ಬೆಳಕನ್ನು ತುಸು ಹೀರಿಕೊಳ್ಳುವುದೇ ದೊಡ್ಡ ಕಾರಣವೆಂಬುದು ನಂತರ ಸ್ಪಷ್ಟವಾಯಿತು. ಬಿಂದಿಗೆಯಷ್ಟು ನೀರಿಗೆ ಆ ಹೀರಿಕೆ ಸಾಲದು. ಮೇಷ್ಟ್ರ ಮಾತೂ ಪೂರ್ತಿ ಸುಳ್ಳಲ್ಲ, ಬಿಡಿ. ನೀರಿನ ಮೇಲ್ಮೈ ಆಕಾಶವನ್ನೂ ತೋರಿಸುತ್ತದೆ.

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಇಲ್ಲಿನ ಕಥೆ ಸುಗಮವಲ್ಲ. ಭೌತವಿಜ್ಞಾನಕ್ಕೆ ಹೆಚ್ಚು ಹಣ ಹರಿಸಿ ಉಳಿದ ವಿಭಾಗಗಳನ್ನು ಕಡೆಗಣಿಸಿದರೆಂಬ ಆರೋಪ ಬಂದು, 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಲೆಕ್ಕಪತ್ರ ಇಲಾಖೆಯಿಂದ ಬಂದವರೇ ಹಂಚಿಕೆಯ ವಿಷಯದಲ್ಲಿ ಎಡವಿದ್ದು ವಿಚಿತ್ರ. ಆಯವ್ಯಯ ಪತ್ರ ನೋಡಿ ಸವೆದ ನನ್ನ ಕಣ್ಣಿಗೆ ಆರೋಪದಲ್ಲಿ ಸ್ವಲ್ಪ ಹುರುಳಿದೆ ಎನಿಸುತ್ತದೆ. ಅದಕ್ಕಿಂತ ಕ್ಷಮಿಸಲು ಕಷ್ಟವಾದದ್ದು ಇನ್ನೊಂದು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಮೊದಲಿಗರಾಗಿ ಬಂದ ಕಮಲಾ ಭಾಗವತ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ 1933ರಲ್ಲಿ ಪ್ರವೇಶ ನಿರಾಕರಿಸಿ, ಆಕೆ ಪಟ್ಟು ಬಿಡದಿದ್ದಾಗ ಷರತ್ತುಗಳ ಮೇಲೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು, ಆ ಅವಮಾನವನ್ನು ಮರೆಯಲಿಲ್ಲ. ರಾಮನ್ ಅವರ ಪ್ರಯೋಗಾಲಯದಲ್ಲೇ ನಂತರ ಅಣ್ಣಾ ಮಣಿ ಅಂಥವರು ಕೆಲಸ ಮಾಡಿದರೆಂಬುದನ್ನೂ ಹೇಳಬೇಕು.

1948ರಲ್ಲಿ ನಿವೃತ್ತರಾದ ಮೇಲೆ, ಮೈಸೂರು ಸಂಸ್ಥಾನ ವಿಜ್ಞಾನ ಅಕಾಡೆಮಿಗೆ ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾಲಯ ಕಟ್ಟಿದರು. ಊರೂರು ಸುತ್ತಿ ಚಂದಾ ಎತ್ತಿದರೇ ಹೊರತು ಸರ್ಕಾರದ ಷರತ್ತಿನ ಅನುದಾನಕ್ಕೆ ಕೈಯೊಡ್ಡಲಿಲ್ಲ. ವರದಿ, ಪ್ರಮಾಣಪತ್ರಗಳಿಗಾಗಿ ನೆನಪೋಲೆ ಬರೆದೇ ವೃತ್ತಿ ಸವೆಸಿದ ನಾನು ಅವರನ್ನು ದೂರಲಾರೆ.

1970ರ ನವೆಂಬರ್ 21ರಂದು ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಯಾವ ವಿಧಿಗಳೂ ಇಲ್ಲದೆ ಸಂಸ್ಥೆಯ ತೋಟದಲ್ಲೇ ದಹನ ನಡೆಯಿತು. ಆ ಜಾಗದಲ್ಲಿ ಸಮಾಧಿಯಿಲ್ಲ; ಒಂದು ಮರ ನೆಟ್ಟಿದ್ದಾರೆ.