ಜಿಂಕೆಯ ಕೂಗಿಗೆ ಕಿವಿಗೊಟ್ಟ ಬೇಟೆಗಾರ

ಮಕ್ಕಳೇ, ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಬಳಿ ನಿಂತರೆ ಸುತ್ತಲೂ ನಿಮಗೆ ಏನೇನು ಕಾಣುತ್ತದೆ? ಮನೆಗಳು, ರಸ್ತೆಗಳು, ವಾಹನಗಳು. ಅಲ್ಲಿಂದ ನೈಋತ್ಯ ದಿಕ್ಕಿಗೆ ಕೆಲವೇ ಕಿಲೋಮೀಟರ್ ಹೋದರೆ ಜಾಲಹಳ್ಳಿ ಸಿಗುತ್ತದೆ. ದೊಡ್ಡ ಕಾರ್ಖಾನೆಗಳು ಬರುವ ಮೊದಲು ಅದೊಂದು ಪುಟ್ಟ ಹಳ್ಳಿ. ಅಲ್ಲಿ ಚಿರತೆಯೊಂದು ಜನರ ಮೇಲೆ ಎರಗಿತ್ತು ಎಂದರೆ ನೀವು ನಂಬುತ್ತೀರಾ? ಆ ಕಥೆಯನ್ನು ಬರೆದಿಟ್ಟವರು ಕೆನೆತ್ ಆಂಡರ್ಸನ್. ಅವರ ಬದುಕಿನ ಕಥೆಯನ್ನು ಈಗ ತಿಳಿಯೋಣ.

ಕೆನೆತ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಸಮೀಪದ ಬೊಲಾರಂನಲ್ಲಿ. ಅವರ ಮನೆತನ ಸ್ಕಾಟ್ಲೆಂಡ್ ಮೂಲದ್ದು. ಆದರೆ ಹಲವು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿತ್ತು. ಅವರು ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಕಾನೂನು ಓದಲೆಂದು ಮನೆಯವರು ಅವರನ್ನು ದೂರದ ಎಡಿನ್‌ಬರೋ ನಗರಕ್ಕೆ ಕಳುಹಿಸಿದರು. ಓದು ಅವರಿಗೆ ಹಿಡಿಸಲಿಲ್ಲ. ಅರ್ಧಕ್ಕೇ ಬಿಟ್ಟು ಬೆಂಗಳೂರಿಗೆ ಮರಳಿದರು. ಮೊದಲು ಅಂಚೆ ಮತ್ತು ತಂತಿ ಇಲಾಖೆಯಲ್ಲಿ, ನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಕನ್ನಡ, ತಮಿಳು ಎರಡನ್ನೂ ಮಾತನಾಡುತ್ತಿದ್ದರು. ಬಿಡುವು ಸಿಕ್ಕಿತೆಂದರೆ ಸಾಕು, ಅವರ ದಾರಿ ಕಾಡಿನ ಕಡೆಗೆ!

ಆ ಕಾಲದಲ್ಲಿ ಪರವಾನಗಿ ಪಡೆದು ಜಿಂಕೆ, ಕಡವೆಗಳನ್ನು ಬೇಟೆಯಾಡುವುದು ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಅದು ಹವ್ಯಾಸ, ಹೆಮ್ಮೆಯ ಸಂಗತಿ. ಕೆನೆತ್ ಅವರಿಗೆ ಬೇಟೆಯ ಆಸಕ್ತಿ ಹುಟ್ಟಿದ್ದು ತಂದೆಯಿಂದ.

ಅವರ ಮೆಚ್ಚಿನ ಬಂದೂಕು ವಿಂಚೆಸ್ಟರ್ 405. ಅದು ಲಿವರ್ ರೈಫಲ್. ಲಿವರ್ ಎಂದರೆ ನೀವು ವಿಜ್ಞಾನ ಪಾಠದಲ್ಲಿ ಓದಿದ ಸನ್ನೆಯೇ. ಕತ್ತರಿ, ಬಾವಿಯ ಏತ, ಆಟದ ಮೈದಾನದ ಏರಿಳಿ ಹಲಗೆ ಇವೆಲ್ಲ ಸನ್ನೆಗಳಲ್ಲವೇ? ಹಾಗೆಯೇ ಈ ಬಂದೂಕಿನ ಕುದುರೆಯ ಸುತ್ತ ಕಬ್ಬಿಣದ ಬಳೆಯಂಥ ಹಿಡಿ ಇರುತ್ತದೆ. ಅದು ಒಂದು ಆನಿಕೆಯ ಮೇಲೆ ತಿರುಗುತ್ತದೆ. ಹಿಡಿಯನ್ನು ಕೆಳಗೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರುತ್ತದೆ. ಮೇಲಕ್ಕೆ ಎಳೆದರೆ ಹೊಸ ತೋಟಾ ಒಳಗೆ ಕೂರುತ್ತದೆ. ಕೈಯ ಒಂದು ಚಲನೆ ಸಾಕು, ಬಂದೂಕು ಮತ್ತೆ ಸಿದ್ಧ.

ಅದರ ಗುಂಡಿನ ತೂಕ ಸುಮಾರು 19 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂಬುದು ನಿಮಗೆ ಗೊತ್ತು. ಹಾಗಾದರೆ ಮೊದಲು ತಲುಪುವುದು ಯಾವುದು? ಹೌದು, ಹತ್ತಿರದ ಪ್ರಾಣಿಗೆ ಸದ್ದು ಕೇಳುವ ಮೊದಲೇ ಗುಂಡು ತಗಲುತ್ತದೆ.

ಆದರೆ ಗುಂಡು ಸರಿಯಾದ ಜಾಗಕ್ಕೆ ಬೀಳದಿದ್ದರೆ? ಆಗಲೇ ನಿಜವಾದ ಕಷ್ಟ ಶುರುವಾಗುತ್ತದೆ. ಗಾಯಗೊಂಡ ಜಿಂಕೆ ಕಾಡಿನೊಳಗೆ ಓಡಿ, ನರಳಿ ಸಾಯುತ್ತದೆ. ಗಾಯಗೊಂಡ ಹುಲಿ ಬದುಕಿದರೂ ಜಿಂಕೆಯನ್ನು ಅಟ್ಟಿ ಹಿಡಿಯಲಾರದು. ಹಸಿವು ತಾಳದೆ ದನಗಳನ್ನು ಹಿಡಿಯುತ್ತದೆ. ಕೊನೆಗೆ ಮನುಷ್ಯರ ಮೇಲೆ ಎರಗಬಹುದು. ಕಾಡಿನಲ್ಲಿ ಜಿಂಕೆಗಳೇ ಮುಗಿದುಹೋದರೂ ಹುಲಿ ಊರಿನತ್ತ ಬರುತ್ತದೆ. ಕೆನೆತ್ ಇದನ್ನು ಕಣ್ಣಾರೆ ಕಂಡರು. ಹುಲಿ ಹುಟ್ಟಿನಿಂದಲೇ ನರಭಕ್ಷಕವಲ್ಲ, ಬಹಳ ಸಲ ಅದನ್ನು ಹಾಗೆ ಮಾಡಿದ್ದು ಮನುಷ್ಯನೇ ಎಂಬುದು ಅವರಿಗೆ ಮನವರಿಕೆಯಾಯಿತು.

ನರಭಕ್ಷಕ ಬಂದ ಹಳ್ಳಿಯಲ್ಲಿ ಜನ ಹೊಲಕ್ಕೆ ಹೋಗಲೂ ಹೆದರುತ್ತಿದ್ದರು. ಅಂಥ ಊರುಗಳಿಗೆ ಕೆನೆತ್ ಹೋಗುತ್ತಿದ್ದರು. ಮರದ ಮೇಲೆ ಅಟ್ಟಣೆ ಕಟ್ಟಿ ರಾತ್ರಿಯಿಡೀ ಕಾಯುತ್ತಿದ್ದರು. ಕತ್ತಲೆಯಲ್ಲಿ ಕಣ್ಣು ಕೆಲಸ ಮಾಡದು. ಹುಲಿಯ ಪಾದ ಮೆತ್ತಗಿರುವುದರಿಂದ ಹೆಜ್ಜೆಯ ಸದ್ದೂ ಬಾರದು. ಹಾಗಾದರೆ ಹುಲಿ ಬಂದದ್ದು ತಿಳಿಯುವುದು ಹೇಗೆ?

ಅದನ್ನು ತಿಳಿಸುತ್ತಿದ್ದದ್ದು ಜಿಂಕೆಗಳು! ಹುಲಿಯ ಸುಳಿವು ಸಿಕ್ಕರೆ ಜಿಂಕೆ ಚುರುಕಾಗಿ ಕೂಗುತ್ತದೆ. ಕಡವೆಯ ಕೂಗು ಗಟ್ಟಿ, ಬಹು ದೂರ ಕೇಳುತ್ತದೆ. ಹಗಲಿನಲ್ಲಾದರೆ ಮುಸುವ ಮರದ ಮೇಲಿಂದ ಎಚ್ಚರಿಸುತ್ತದೆ. ದೂರದ ಗುಡ್ಡದಲ್ಲಿ ಕಡವೆ ಕೂಗಿತು, ಸ್ವಲ್ಪ ಹೊತ್ತಿಗೆ ಹತ್ತಿರದ ಹಳ್ಳದಲ್ಲಿ ಜಿಂಕೆ ಕೂಗಿತು ಎಂದಿಟ್ಟುಕೊಳ್ಳಿ. ಹುಲಿ ಯಾವ ಕಡೆಗೆ ಬರುತ್ತಿದೆ? ನೀವೇ ಹೇಳಿ. ಕೆನೆತ್ ಹೀಗೆಯೇ ಲೆಕ್ಕ ಹಾಕುತ್ತಿದ್ದರು. ಕಾಡಿನಲ್ಲೇ ಬದುಕಿದ್ದ ಪೂಜಾರಿ ಬುಡಕಟ್ಟಿನ ಬೈರ ಅವರ ಗೆಳೆಯ. ಹೆಜ್ಜೆಗುರುತು ಓದುವುದರಲ್ಲಿ ಬೈರ ನಿಪುಣ.

ಜಿಂಕೆಗೆ ಈ ಎಚ್ಚರ ಏಕೆ ಬೇಕು? ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ಜಿಂಕೆಯ ಕಣ್ಣಿನಲ್ಲಿ ಎರಡೇ ಬಗೆ. ಹುಲಿಯ ಕಿತ್ತಳೆ ಬಣ್ಣ ಅದಕ್ಕೆ ಹಸಿರು ಪೊದೆಯಿಂದ ಬೇರೆಯಾಗಿ ಕಾಣುವುದಿಲ್ಲ. ಆದ್ದರಿಂದಲೇ ಅದು ಕಿವಿಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತ, ಗಾಳಿಯ ವಾಸನೆ ಹಿಡಿಯುತ್ತ ಸದಾ ಜಾಗರೂಕವಾಗಿರುತ್ತದೆ.

ಈಗ ಯೋಚಿಸಿ. ಸತ್ತ ಜಿಂಕೆ ಒಂದು ಹೊತ್ತಿನ ಊಟ. ಬದುಕಿರುವ ಜಿಂಕೆ ಹುಲಿಗೆ ಕಾಡಿನಲ್ಲೇ ಆಹಾರ, ಇತರ ಪ್ರಾಣಿಗಳಿಗೆ ಕಾವಲುಗಾರ. ಹುಲಿಯನ್ನು ಊರಿನಿಂದ ದೂರ ಇಡುವುದೂ ಅದೇ.

ಯೌವನದ ಬೇಟೆಯ ಹುಚ್ಚು ಕೆನೆತ್ ಅವರಲ್ಲಿ ನಿಧಾನವಾಗಿ ಇಳಿಯಿತು. ಜನರನ್ನು ಕೊಲ್ಲುವ ಪ್ರಾಣಿಗಳಿಗಷ್ಟೇ ಬಂದೂಕು ಎಂಬ ನಿಲುವಿಗೆ ಬಂದರು. ಉಳಿದ ಪ್ರಾಣಿಗಳಿಗೆ ಕ್ಯಾಮೆರಾ ಹಿಡಿದರು. ಎಷ್ಟೋ ಸಲ ಬಂದೂಕಿಲ್ಲದೆ ಒಬ್ಬರೇ ಕಾಡಿಗೆ ಹೋಗಿ ಸುಮ್ಮನೆ ಕೂರುತ್ತಿದ್ದರು. 1954ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲೇ ಜಾಲಹಳ್ಳಿಯ ಚಿರತೆಯ ಕಥೆ ಇದೆ. ಅವರ ಕಥೆಗಳನ್ನು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕಥೆಗಳು ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ನಿಮ್ಮ ಶಾಲೆಯ ಗ್ರಂಥಾಲಯದಲ್ಲಿದ್ದರೆ ತಪ್ಪದೆ ಓದಿ.

1972ರಲ್ಲಿ ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ಇಂದು ಜಿಂಕೆಯನ್ನು ಬೇಟೆಯಾಡುವುದು ಅಪರಾಧ. ಎರಡು ವರ್ಷಗಳ ನಂತರ, 1974ರ ಆಗಸ್ಟ್ 30ರಂದು, ಕೆನೆತ್ ಬೆಂಗಳೂರಿನಲ್ಲಿ ತೀರಿಕೊಂಡರು.

ಪುಟ್ಟೇನಹಳ್ಳಿ ಕೆರೆಯನ್ನು ಸರ್ಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಇಲ್ಲಿ ಈಗ ಜಿಂಕೆ, ಹುಲಿಗಳಿಲ್ಲ. ಆದರೆ ಎಚ್ಚರಿಕೆಯ ಕೂಗು ಇದೆ!

ಮಾಡಿ ನೋಡಿ: ದೊಡ್ಡವರ ಜೊತೆ ನಿಮ್ಮೂರಿನ ಕೆರೆಯ ಬಳಿ ಅಥವಾ ಶಾಲೆಯ ಮರದ ಕೆಳಗೆ 15 ನಿಮಿಷ ಅಲುಗಾಡದೆ ಕುಳಿತುಕೊಳ್ಳಿ. ನಾಯಿ ಬಂದಾಗ ಟಿಟ್ಟಿಭ ಹೇಗೆ ಕೂಗುತ್ತದೆ? ಬೆಕ್ಕು ಕಂಡಾಗ ಅಳಿಲು ಏನು ಮಾಡುತ್ತದೆ? ಯಾವುದು ಮೊದಲು ಕೂಗಿತು, ಏಕೆ ಕೂಗಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತರಗತಿಯಲ್ಲಿ ಗೆಳೆಯರೊಂದಿಗೆ ಹೋಲಿಸಿ ನೋಡಿ.