ಇಂಗಲಗುಪ್ಪೆಯ ನ್ಯಾಯಮೂರ್ತಿ, ಕಾನ್ಪುರದ ಚರಂಡಿ

ಮಂಡ್ಯ ಅಂದರೆ ಕಾವೇರಿ, ಕಬ್ಬು, ಚಳವಳಿ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯೊಬ್ಬರನ್ನೂ ಈ ಜಿಲ್ಲೆ ಕೊಟ್ಟಿದೆ ಅನ್ನೋದು ನಮ್ಮ ಹೊಳಲಿನಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನನಗೂ ಅವರ ನೆನಪಾಗಿದ್ದು ಒಂದು ಚರಂಡಿಯ ದೆಸೆಯಿಂದ.

ಕೆಲವು ವರ್ಷಗಳ ಹಿಂದೆ, ಬೇರೆ ಪಟ್ಟಣದಲ್ಲಿರುವ ತಂಗಿಯ ಮನೆ ಮುಂದಿನ ಚರಂಡಿ ಕಟ್ಟಿಕೊಂಡು ಕೊಳಚೆ ನೀರು ಅಂಗಳಕ್ಕೆ ನುಗ್ಗುತ್ತಿತ್ತು. ಅರ್ಜಿ ಹಿಡಿದು ನಾನೇ ಕಚೇರಿಗೆ ಹೋದೆ. ಎರಡು ಉತ್ತರ ಸಿಕ್ಕವು: ಅನುದಾನ ಬಂದಿಲ್ಲ, ನೀವು ಈ ಊರಿನವರೂ ಅಲ್ಲ. ಈ ಎರಡೂ ಮಾತಿಗೆ ಕೋರ್ಟು ಎಂದೋ ಉತ್ತರ ಕೊಟ್ಟಾಗಿದೆ. ಒಂದನ್ನು ಕೊಟ್ಟವರು ನಮ್ಮ ಜಿಲ್ಲೆಯವರೇ.

ಇ.ಎಸ್. ವೆಂಕಟರಾಮಯ್ಯ ಹುಟ್ಟಿದ್ದು 1924ರ ಡಿಸೆಂಬರ್ 18ರಂದು, ಪಾಂಡವಪುರ ತಾಲೂಕಿನ ಇಂಗಲಗುಪ್ಪೆಯಲ್ಲಿ. 1946ರಲ್ಲಿ ವಕೀಲಿಕೆ ಶುರು. 1970ರಲ್ಲಿ ಮೈಸೂರು ರಾಜ್ಯದ ಅಡ್ವೊಕೇಟ್ ಜನರಲ್, ಅದೇ ವರ್ಷ ಹೈಕೋರ್ಟ್ ನ್ಯಾಯಮೂರ್ತಿ. 1979ರಲ್ಲಿ ದೆಹಲಿಗೆ ಹೋದರು. ಪತ್ರಿಕಾ ಕಾಗದದ ಸುಂಕದ ಪ್ರಕರಣದಲ್ಲಿ ಪತ್ರಿಕಾ ಸ್ವಾತಂತ್ರ್ಯದ ಪರ ಅವರು ಬರೆದ ತೀರ್ಪನ್ನು ವಕೀಲರು ಈಗಲೂ ಉಲ್ಲೇಖಿಸುತ್ತಾರೆ. ಆದರೆ ಊರಲ್ಲಿ ಬದುಕುವವರಿಗೆ ಹತ್ತಿರವಾದದ್ದು ಇನ್ನೊಂದು ತೀರ್ಪು.

ದೆಹಲಿಯ ವಕೀಲ ಎಂ.ಸಿ. ಮೆಹ್ತಾ ಗಂಗಾ ಮಾಲಿನ್ಯದ ಬಗ್ಗೆ 1985ರಲ್ಲಿ ಅರ್ಜಿ ಹಾಕಿದ್ದರು. 1987ರ ಸೆಪ್ಟೆಂಬರ್‌ನಲ್ಲಿ ಕಾನ್ಪುರದ ಚರ್ಮ ಹದ ಮಾಡುವ ಕಾರ್ಖಾನೆಗಳ ಸರದಿ. ಕನಿಷ್ಠ ಕೂಲಿ ಕೊಡಲಾಗದ ಕಾರ್ಖಾನೆಗೆ ನಡೆಯುವ ಹಕ್ಕಿಲ್ಲ. ಹಾಗೆಯೇ ಕೊಳಚೆಯನ್ನು ಶುದ್ಧೀಕರಿಸಲಾಗದ ಕಾರ್ಖಾನೆಗೂ ಇಲ್ಲ ಎಂದು ವೆಂಕಟರಾಮಯ್ಯ ಬರೆದರು. 1988ರ ಜನವರಿ 12ರಂದು ನಗರಾಡಳಿತದ ಸರದಿ ಬಂತು.

ಮೆಹ್ತಾ ಗಂಗೆಯ ದಡದಲ್ಲಿ ಜಮೀನಿದ್ದವರಲ್ಲ. ಆದರೂ ಆ ನೀರು ಬಳಸುವ ಜನರ ಜೀವದ ಪರವಾಗಿ ಅವರು ಕೇಳಬಹುದು ಎಂದಿತು ಕೋರ್ಟು. ಮುಂದೆ ವೆಂಕಟರಾಮಯ್ಯ ಮಾಡಿದ್ದು ಸರಳ ಕೆಲಸ: ನಗರ ಮಹಾಪಾಲಿಕೆಯ ಕಾಯ್ದೆಯನ್ನೇ ತೆರೆದು, ಅದರ ಕರ್ತವ್ಯಗಳ ಪಟ್ಟಿಯನ್ನು ಅದರ ಮುಂದಿಟ್ಟರು. ಕಾನೂನು ಕಾಗದದಲ್ಲೇ ಉಳಿದಿದೆ ಅಂತ ಬೇಸರಪಟ್ಟರು. ಡೇರಿಗಳ ಸಗಣಿ ನದಿಗೆ ಸೇರಬಾರದು, ಕಾರ್ಮಿಕರ ಕಾಲೋನಿಗಳ ಒಳಚರಂಡಿ ದೊಡ್ಡದಾಗಬೇಕು, ಬಡವರಿಗೆ ಉಚಿತ ಶೌಚಾಲಯ ಬೇಕು, ಕೊಳಚೆ ಶುದ್ಧೀಕರಣದ ಯೋಜನೆ ಆರು ತಿಂಗಳಲ್ಲಿ ಸಿದ್ಧವಾಗಬೇಕು. ಗಂಗೆಯ ದಡದ ಬೇರೆ ಊರುಗಳಿಗೂ ಇದೇ ಅನ್ವಯ. ಶಾಲೆಗಳಲ್ಲಿ ವಾರಕ್ಕೆ ಕನಿಷ್ಠ ಒಂದು ಗಂಟೆ ಪರಿಸರ ಪಾಠ ಅಂತಲೂ ಸೇರಿಸಿದರು.

ಹಣವಿಲ್ಲ ಅನ್ನುವ ನೆಪಕ್ಕೆ ಅದಕ್ಕೂ ಮೊದಲೇ, 1980ರ ರತ್ಲಾಂ ಪುರಸಭೆ ಪ್ರಕರಣದಲ್ಲಿ ಕೃಷ್ಣ ಅಯ್ಯರ್ ಬಾಗಿಲು ಮುಚ್ಚಿದ್ದರು.

ಇದರಿಂದ ಗಂಗೆ ತಿಳಿಯಾಯಿತೇ? ಇಲ್ಲ. ಕೋರ್ಟು ಆದೇಶ ಕೊಡಬಹುದು, ಪೈಪು ಹಾಕಲಾರದು. ನಗರಸಭೆಗಳ ದುಡ್ಡಿನ ಕೀಲಿ ರಾಜ್ಯ ಸರ್ಕಾರಗಳ ಕೈಯಲ್ಲೇ ಇತ್ತು. 74ನೇ ತಿದ್ದುಪಡಿ ಜಾರಿಗೆ ಬಂದದ್ದೇ 1993ರಲ್ಲಿ. ಆ ಕೀಲಿ ಇಂದಿಗೂ ಪೂರ್ತಿ ಕೈ ಬದಲಿಸಿಲ್ಲ. ಕೆಳಗಿನವರಿಗೆ ಕರ್ತವ್ಯ, ಮೇಲಿನವರಿಗೆ ಖಜಾನೆ ಅನ್ನುವ ಈ ಗಂಟನ್ನು ಆ ತೀರ್ಪು ಬಿಚ್ಚಲಿಲ್ಲ. ಅದು ಅದರ ಮಿತಿ. ಆದರೆ ಚರಂಡಿ ಕೇಳುವವನು ಭಿಕ್ಷೆ ಬೇಡುತ್ತಿಲ್ಲ, ಸಲ್ಲಬೇಕಾದ ಸಾಲ ಕೇಳುತ್ತಿದ್ದಾನೆ ಅನ್ನೋದು ಅಲ್ಲಿ ಸ್ಪಷ್ಟವಾಯಿತು.

1989ರ ಜೂನ್‌ನಲ್ಲಿ ಮುಖ್ಯ ನ್ಯಾಯಮೂರ್ತಿಯಾದ ವೆಂಕಟರಾಮಯ್ಯ ಆರು ತಿಂಗಳಲ್ಲೇ ನಿವೃತ್ತರಾದರು, 1997ರಲ್ಲಿ ತೀರಿಕೊಂಡರು. ಮಗಳು ಬಿ.ವಿ. ನಾಗರತ್ನ 2021ರಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿಯಾದರು.

ಎರಡನೇ ಅರ್ಜಿಯಲ್ಲಿ ನಾನು ಗೋಗರೆಯಲಿಲ್ಲ. ಕರ್ನಾಟಕ ಪುರಸಭೆಗಳ ಕಾಯ್ದೆ 1964ರ 87ನೇ ಕಲಂ, ಅಂದರೆ ಕಡ್ಡಾಯ ಕರ್ತವ್ಯಗಳ ಕಲಂ, ಅದನ್ನು ಬರೆದು, ಮಾಡಲಾಗದಿದ್ದರೆ ಕಾರಣ ಕೊಟ್ಟು ಹಿಂಬರಹ ನೀಡಿ ಎಂದು ಕೇಳಿದೆ. ಹೂಳು ತೆಗೆದರು. ಮುಂದಿನ ಮಳೆಗಾಲಕ್ಕೆ ಮತ್ತೆ ತುಂಬಿತು. ಅದೇ ಅರ್ಜಿಗೆ ತಾರೀಖು ಬದಲಿಸಿ ತಂಗಿ ಈ ಸಲ ತಾನೇ ಹೋಗಿ ಕೊಟ್ಟಳು.